ಬ್ರೇಕ್ ಒತ್ತಿದರೆ ಹತ್ತುವ ರಿವರ್ಸ್ ಲೈಟು

ಕಳೆದ ವಾರ ಹಳೇಬೀಡಿನಿಂದ ಜಾವಗಲ್‌ವರೆಗೆ ನನ್ನ ಪಿಕಪ್ ಹಿಂದೆ ಬಂದವರೆಲ್ಲ ನನಗೆ ಬೈದರು. ನಾನು ಮಾಡಿದ್ದಿಷ್ಟೇ, ಹಂಪ್ ಬಂದ ಕಡೆ ಬ್ರೇಕ್ ಒತ್ತಿದ್ದು.

ಕೊನೆಗೆ ಬೈಕಿನವನೊಬ್ಬ ಮುಂದೆ ಬಂದು ಅಡ್ಡ ಹಾಕಿದ. ಮೊಣಕಾಲವರೆಗೆ ಕೆಸರು. "ಏನ್ ಸ್ವಾಮಿ, ಮುಂದಕ್ಕೋಯ್ತಿದ್ದೀರಾ, ಹಿಂದಕ್ಕೆ ಬತ್ತಿದ್ದೀರಾ? ನಿಮ್ ರಿವರ್ಸ್ ಲೈಟ್ ನೋಡಿ ಎದೆ ಧಸಕ್ ಅಂತು. ಬೈಕ್ ಸೀದಾ ರಾಗಿ ಹೊಲಕ್ಕೆ ಇಳಿಸ್ಬಿಟ್ಟೆ!"

ಕೈ ಮುಗಿದೆ. ಇನ್ನೇನು ಮಾಡಲಿ? ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಜಾತ ಕೈ ಚಾಚಿದಳು. ಕೀ ಕೊಟ್ಟೆ. ಹಿಂದೆ ನಾನೇ ಹಾಕಿದ್ದ ಹೊಸ ಲೈಟಿನ ವೈರ್ ಬಿಚ್ಚಿ ಟೇಪ್ ಸುತ್ತಿದೆ. ಅಲ್ಲಿಂದ ಅರಸೀಕೆರೆ ಮಾರ್ಕೆಟ್ಟಿಗೆ ತೆಂಗಿನಕಾಯಿ ಲೋಡನ್ನು ಅವಳೇ ಓಡಿಸಿದಳು.

ಈ ಕೀ ಒಮ್ಮೆ ಆಗಲೇ ಜಪ್ತಿಯಾಗಿತ್ತು. ಹುಲಿಕೆರೆಯ ನಮ್ಮ ಮನೆಯಂಗಳದಲ್ಲಿ ಒಂದು ಸಂಜೆ ಗಾಡಿ ಹಿಂದಕ್ಕೆ ತೆಗೆಯುವಾಗ ತುಳಸಿ ಕಟ್ಟೆಯ ಮೂಲೆ ಹಾರಿಸಿದ್ದೆ. "ಹಿಂದೆ ಏನೈತೆ ಅಂತ ಕಾಣೋ ತನಕ ನೀವು ಗಾಡಿ ಮುಟ್ಟಂಗಿಲ್ಲ" ಎಂದು ಸುಜಾತಳ ಆರ್ಡರ್ ಆಯಿತು. (ಅವಳಿಗೆ ಡ್ರೈವಿಂಗ್ ಕಲಿಸಿದ್ದು ನಾನೇ. ಅನುಭವಿಸುತ್ತಿದ್ದೇನೆ.)

ನಮ್ಮ ಕಡೆ ಗಾಡಿ ರಿವರ್ಸ್ ತೆಗೆದರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ಕಂಡಕ್ಟರ್‌ಗಳೇ. "ಬರ್ಲಿ, ಬರ್ಲಿ, ಬರ್ಲಿ..." ಗೋಡೆಗೆ ತಾಗಿದ ಮೇಲೆ "ಓಲ್ಡಾನ್!" ಅಂಥವರನ್ನು ನಂಬಲಾದೀತೇ? ಗಾಡಿಯ ಜೊತೆ ಬಂದಿದ್ದ ರಿವರ್ಸ್ ಲೈಟೋ, ಬರೀ ಮಿಣುಕು ದೀಪ. ಹಾಗಾಗಿ ಎರಡು ದೊಡ್ಡ ಎಲ್ಇಡಿ ಲೈಟು ತಂದೆ. ಎಲೆಕ್ಟ್ರಿಷಿಯನ್ "ನಾಳೆ ಬನ್ನಿ" ಅಂದ. ನನಗೆಲ್ಲಿ ನಾಳೆ? ಮೊಬೈಲಿನಲ್ಲಿ ವಿಡಿಯೋ ಇದೆಯಲ್ಲ!

ಹಿಂದಿನ ದೀಪದ ಬಳಿ ವೈರುಗಳ ಜಡೆಯೇ ಇತ್ತು. ರಿವರ್ಸಿನ ವೈರ್ ಯಾವುದು? ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಮಾಡಿ, ಸುಜಾತಳನ್ನು ಒಳಗೆ ಕೂರಿಸಿದೆ. "ರಿವರ್ಸ್ ಹಾಕು" ಎಂದು ಹಿಂದಿನಿಂದ ಕೂಗಿದೆ. ಟೆಸ್ಟ್ ಬಲ್ಬನ್ನು ಒಂದು ವೈರಿಗೆ ಮುಟ್ಟಿಸಿದೆ. ಹತ್ತಿತು! ಅದಕ್ಕೇ ಹೊಸ ಲೈಟು ಜೋಡಿಸಿಬಿಟ್ಟೆ. ಗೇರ್ ನ್ಯೂಟ್ರಲ್ ಮಾಡಿ ಬಲ್ಬ್ ಆರುತ್ತಾ ನೋಡಿ ಅಂತ ವಿಡಿಯೋದವನು ಹೇಳಿದ್ದ. ಆ ಭಾಗ ಓಡಿಸಿಬಿಟ್ಟಿದ್ದೆ.

ಅಂಗಳದಲ್ಲಿ ಹಿಂದಕ್ಕೆ ತೆಗೆದು ತೋರಿಸಿದೆ. ಹಾಲು ಚೆಲ್ಲಿದಂಥ ಬೆಳಕು. ಕೀ ವಾಪಸ್ ಸಿಕ್ಕಿತು. ಆ ಸಂತೋಷ ಜಾವಗಲ್‌ವರೆಗೂ ಬಾಳಲಿಲ್ಲ ನೋಡಿ.

ಮರುದಿನ ಬೆಳಿಗ್ಗೆ ವೈರ್ ಮತ್ತೆ ಸೇರಿಸಿದೆ. "ಒಂದೇ ಒಂದು ಚಾನ್ಸ್ ಕೊಡು ಮಾರಾಯ್ತಿ" ಎಂದು ಗೋಗರೆದು ಕೀ ಇಸಿದುಕೊಂಡೆ. ಈ ಸಲ ಅವಳು ಹಿಂದೆ ನಿಂತಳು, ನಾನು ಒಳಗೆ ಕೂತೆ. ಕೀ ಆನ್ ಮಾಡಿ ರಿವರ್ಸ್ ಹಾಕಿದೆ.

"ಹತ್ತಿತಾ?"

"ಇಲ್ಲ ಕಣ್ರೀ. ಹಳೇ ಮಿಣುಕು ದೀಪ ಒಂದೇ."

ಬ್ರೇಕ್ ಒತ್ತಿದೆ.

"ಹಾಂ! ಈಗ ಹತ್ತಿತು ನೋಡಿ!"

ಅಯ್ಯೋ ನನ್ನ ಬುದ್ಧಿಗಿಷ್ಟು! ನಾನು ಲೈಟು ಕೊಟ್ಟದ್ದು ಬ್ರೇಕಿನ ವೈರಿಗೆ. ಅಂಗಳದಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ನಿಧಾನಕ್ಕೆ ಹಿಂದೆ ಬಂದಿದ್ದೆ, ಅದಕ್ಕೇ ಹತ್ತಿತ್ತು. ಸರಿ, ಆದರೆ ವೈರ್ ಹುಡುಕಿದ ದಿನ ಬಲ್ಬ್ ಹೇಗೆ ಹತ್ತಿತು? ಇಳಿದು ಹಿಂದಕ್ಕೆ ಹೋದೆ.

"ಲೇ, ಅವತ್ತು ನಿನ್ನ ಕಾಲು ಎಲ್ಲಿತ್ತು?"

"ಬ್ರೇಕ್ ಮೇಲೆ."

ಸಿಕ್ಕಿಬಿದ್ದಳು! ತಪ್ಪು ನನ್ನದಲ್ಲ, ಇನ್ನು ಕೀ ನನ್ನದೇ ಎಂದು ಒಳಗೊಳಗೇ ಹಿಗ್ಗಿದೆ. "ರಿವರ್ಸ್ ಹಾಕು ಅಂದ್ರೆ ಬ್ರೇಕ್ ಯಾಕೆ ಒತ್ತಿದೆ?"

"ನೀವು ಗಾಡಿ ಹಿಂದೆ ನಿಂತಿದ್ರಲ್ಲ. ಕಾಲು ತೆಗೀತೀನಾ?"

"ಎಂಜಿನ್ ಆಫ್ ಇತ್ತಲ್ಲೇ!"

"ಇದ್ರೆ ಇರ್ಲಿ." ಅಷ್ಟು ಹೇಳಿ, ತಾನು ಅಷ್ಟೊತ್ತು ನಿಂತಿದ್ದ ಜಾಗವನ್ನೊಮ್ಮೆ ನೋಡಿದಳು. ಆಮೇಲೆ ನನ್ನನ್ನು. "ಈಗ ನಾನು ಹಿಂದೆ ನಿಂತಿದ್ದೆ. ನಿಮ್ ಕಾಲು ಎಲ್ಲಿತ್ರೀ?"

ರಿವರ್ಸ್ ಹಾಕುವಾಗ ಬ್ರೇಕ್ ಮೇಲಂತೂ ಇರಲಿಲ್ಲ. ನಾಚಿಕೆಯಾಯಿತು. ಕೇಳದೇ ನಾನೇ ಕೀ ಅವಳ ಕೈಗಿಟ್ಟೆ.

ವೈರ್ ಬದಲಿಸಿದ್ದೇನೆ. ರಿವರ್ಸ್ ಲೈಟು ಈಗ ರಿವರ್ಸಿಗೇ ಹತ್ತುತ್ತದೆ, ನೆಟ್ಟಗೆ. ಆದರೆ ಯಾವ ಮುಖ ಇಟ್ಟುಕೊಂಡು ಕೀ ಕೇಳಲಿ, ನೀವೇ ಹೇಳಿ?