ಕಾಲು ಬಂದ ಸಮುದ್ರ

ಆಗೆಲ್ಲ ನಮ್ಮ ಕಡೆಯವರಿಗೆ ದೂರ ಎಂದರೆ ಮೈಸೂರು. ಅದರಾಚೆ ಏನಿದೆ ಎಂದು ಕೇಳಿದರೆ ದೊಡ್ಡವರೂ ‘ಕಾಡು’ ಎಂದು ಸುಮ್ಮನಾಗುತ್ತಿದ್ದರು. ಮದ್ದೂರಿನಾಚೆಯ ನಮ್ಮ ಹಳ್ಳಿಯಿಂದ ಸಮುದ್ರಕ್ಕೆ ಗಾಡಿ ಕಟ್ಟಿದವನು ನಮ್ಮಪ್ಪ ಒಬ್ಬನೇ. ಅದೂ ಕಾಲಿನ ಇಸುಬಿಗಾಗಿ. ಮೂರು ದಿನ ಸಮುದ್ರದಲ್ಲಿ ಕಾಲು ನೆನೆಸಿದರೆ ವಾಸಿಯಾಗುತ್ತದೆಂದು ಯಾರೋ ಹೇಳಿದ್ದರು.

ಅವ್ವ ಬಾಣಂತಿ. ಮನೆಗೆಲಸಕ್ಕೆ ಒಬ್ಬರು ಉಳಿಯಲೇಬೇಕು. ಹೋಗುವುದು ನನ್ನ ಅಕ್ಕ ಕೆಂಪಿ ಎಂದು ತೀರ್ಮಾನವಾಗಿತ್ತು. ಅವಳಿಗೆ ಹನ್ನೆರಡು, ನನಗೆ ಒಂಬತ್ತು. ಹೊರಡುವ ಬೆಳಿಗ್ಗೆ ನಾನು ಚಕ್ರದ ಮುಂದೆ ಅಡ್ಡ ಮಲಗಿ ಹೋ ಎಂದು ಅತ್ತೆ.

“ಏಳ್ಲಾ, ಗಾಡಿ ಅತ್ತುಸ್ಬುಡ್ತೀನಿ” ಎಂದ ಅಪ್ಪ.

“ಅತ್ತುಸು!” ಎಂದೆ.

ಎತ್ತುಗಳು ಬೇಸತ್ತು ಸಗಣಿ ಹಾಕಿದವು. ಕೊನೆಗೆ ಅಕ್ಕ ತನ್ನ ಬಟ್ಟೆಗಂಟು ಹಿಡಿದು ಗಾಡಿಯಿಂದ ಇಳಿದಳು. ಒಳಗೆ ಹೋಗಿ ಅಗಲ ಬಾಯಿಯ ಒಂದು ಗಾಜಿನ ಸೀಸೆ ತಂದು ನನ್ನ ಕೈಗಿಟ್ಟಳು.

“ಓಗ್ಲಿ, ನಂಗೊಂದು ಸೀಸೆ ಸಮುದ್ರ ತತ್ತೀಯೇನ್ಲಾ ಮರಿಯ?”

“ತತ್ತೀನಿ ಕಣಕ್ಕ, ನಿನ್ನಾಣೆ.”

ಎಷ್ಟು ದಿನ ಹೋದೆವೋ ಲೆಕ್ಕವಿಲ್ಲ. ಕತ್ತಲಾದಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ, ಅಪ್ಪ ಮುದ್ದೆ ತೊಳಸುತ್ತಿದ್ದ. ಅದು ಮುದ್ದೆಗಿಂತ ಗಂಜಿಗೆ ಹತ್ತಿರವಿರುತ್ತಿತ್ತು. ಅದಕ್ಕೆ ಹುಚ್ಚೆಳ್ಳು ಪುಡಿ. ಮಲಗುವುದು ಗಾಡಿಯ ಕೆಳಗೆ, ಎತ್ತಿನ ಉಸಿರು ಮುಖಕ್ಕೆ.

ಘಟ್ಟ ಇಳಿದು ಸೇರಿದ್ದು ಮೂರೇ ಬೀದಿಯ ಒಂದು ಸಣ್ಣ ಊರು. ಮೂರೂ ಬೀದಿ ಓಡಿಹೋಗಿ ಸಮುದ್ರಕ್ಕೇ ಬೀಳುತ್ತಿದ್ದವು. ಚಾಪೆ ಚಾಪೆಯ ಮೇಲೆ ಮೀನು ಒಣಗುತ್ತಿತ್ತು. ಮೊದಲ ದಿನ ಆ ನಾತಕ್ಕೆ ವಾಂತಿ ಮಾಡಿದೆ, ಮೂರನೆಯ ದಿನ ಅದೇ ನಾತಕ್ಕೆ ಹಸಿವಾಯಿತು. ನಮ್ಮ ಎತ್ತು ಸಮುದ್ರವನ್ನು ಒಂದು ಗುಟುಕು ಹೀರಿ, ಮೋಸ ಮಾಡಿದವನನ್ನು ನೋಡುವಂತೆ ಅಪ್ಪನನ್ನು ನೋಡಿತು.

ಕುಚ್ಚಲಕ್ಕಿ ಗಂಜಿ ಕೊಟ್ಟ ಮೀನಿನ ಹೆಂಗಸೊಬ್ಬಳು, “ನಿಮ್ಮ ಊರು ಯಾವುದು ಮಗ?” ಎಂದಳು.

“ಮದ್ದೂರು ಕಣಮ್ಮ.”

“ಅದು ಎಲ್ಲಿ ಉಂಟು?”

ಮದ್ದೂರು ಗೊತ್ತಿಲ್ಲದವರಿಗೆ ದೇವರು ಇಷ್ಟು ದೊಡ್ಡ ಸಮುದ್ರ ಕೊಟ್ಟಿದ್ದಾನಲ್ಲ!

ಅಪ್ಪ ಸೊಂಟದವರೆಗೆ ನೀರಿನಲ್ಲಿ ಕೂತಿರುತ್ತಿದ್ದ. ಒಂದು ಸಲ ದೊಡ್ಡ ಅಲೆ ಬಂದು ಪಂಚೆಯನ್ನೇ ಎಳೆದುಕೊಂಡು ಹೋಯಿತು. “ಟವಲ್ ತತ್ತಾರ್ಲಾ!” ಎಂದು ಕೂಗಿದ. ನಾನು ನಕ್ಕು ನಕ್ಕು ಮರಳಲ್ಲಿ ಉರುಳಿದೆ. ಹೀಗೆ ಮೂರು ದಿನ, ಏಡಿ ಅಟ್ಟುವುದು, ದೋಣಿ ಹತ್ತುವುದು, ಬೈಸಿಕೊಳ್ಳುವುದು.

ಸೀಸೆ ನೆನಪಾದದ್ದು ವಾಪಸು ಬಂದು ಶಿಂಷಾ ಹೊಳೆಯಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗ. ಮನೆಗೆ ಇನ್ನು ಒಂದು ಗಳಿಗೆಯ ದಾರಿ. ಅಪ್ಪ ಆಚೆ ತಿರುಗಿದ್ದ. ಸೀಸೆಗೆ ಹೊಳೆಯ ನೀರನ್ನೇ ತುಂಬಿ, ಉಪ್ಪಿನ ಗಂಟಿನಲ್ಲಿ ಉಳಿದಿದ್ದ ನಾಲ್ಕು ಹರಳು ಹಾಕಿ ಕುಲುಕಿದೆ.

ಮನೆಯಲ್ಲಿ ಸೀಸೆ ನೋಡಿದ ಅಪ್ಪ, “ಯಾವಾಗ್ಲಾ ತುಂಬುಸ್ದೆ?” ಎಂದ.

“ನೀನು ಪಂಚೆ ಉಡುಕ್ತಿದ್ದಾಗ.”

ಅಪ್ಪ ಎತ್ತು ಕಟ್ಟಲು ಕೊಟ್ಟಿಗೆಗೆ ಹೋದ.

ಅಕ್ಕ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. “ಉಪ್ಪು ಕಮ್ಮಿ ಕಣ್ಲಾ.”

“ದಾರೀಲಿ ಕುಲುಕಾಡಿ ಇಳ್ದೋಯ್ತು” ಎಂದೆ. ನಂಬಿದಳು.

ಸೀಸೆಯೊಳಗೆ ಬಾಲವಾಡಿಸುವ ಕರಿಯ ಮೀನೊಂದಿತ್ತು. ನಾನು ನೋಡಿಯೇ ಇರಲಿಲ್ಲ. ಅಕ್ಕ ಅದನ್ನು ತಿಮಿಂಗಿಲದ ಮರಿಯೆಂದು ಊರಿಗೆಲ್ಲ ಸಾರಿದಳು. ಹೆಂಗಸರು ಕೈಮುಗಿದರು. ಅಕ್ಕ ದಿನಾ ಒಂದು ಅಗುಳು ಹಾಕಿದಳು. ಮೀನು ದಪ್ಪವಾಯಿತು. ಆಮೇಲೆ ಅದಕ್ಕೆ ಹಿಂದೆ ಎರಡು ಕಾಲು ಬಂದವು. ನನಗೆ ನಿದ್ದೆ ಹಾರಿಹೋಯಿತು. ಮುಂದೆಯೂ ಎರಡು ಬಂದವು. ಒಂದು ಬೆಳಿಗ್ಗೆ, ಜಗಲಿ ತುಂಬ ಜನರಿರುವಾಗ, ತಿಮಿಂಗಿಲ ಸೀಸೆಯಿಂದ ನೆಗೆದು ಪಕ್ಕದ ಮನೆಯ ಪುಟ್ಟಮ್ಮನ ಮಡಿಲಿಗೆ ಬಿತ್ತು.

“ಇದ್ಯಾವ ಸಮುದ್ರವೇ ಕೆಂಪಿ, ಕಪ್ಪೆ ಈಯ್ತದೆ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಬಾರುಕೋಲಿಗೆ ಕೈ ಹಾಕಿ ನನ್ನ ಕಡೆ ತಿರುಗಿದ. ಅಕ್ಕನೂ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಅವಳಿಗೆ ಎಲ್ಲವೂ ತಿಳಿದುಹೋಯಿತು.

“ಸುಮ್ಕಿರಪ್ಪೋ” ಎಂದಳು. “ನೀರು ಬತ್ತೋಯ್ತು ಅಂತ ನಾನೇ ಕಟ್ಟೆ ನೀರು ಸೇರ್ಸಿದ್ದೆ. ಅದ್ರಲ್ಲಿ ಬಂದಿರ್ಬೇಕು.”

ಅವಳು ಒಂದು ಹನಿಯನ್ನೂ ಸೇರಿಸಿರಲಿಲ್ಲ. ಸಮುದ್ರ ಕೆಡಿಸಿದವಳೆಂದು ಬಹಳ ದಿನ ಊರವರು ಅವಳನ್ನೇ ಆಡಿಕೊಂಡರು. ನಾನೂ ಅವರ ಜೊತೆ ನಿಂತು ನಕ್ಕಿದ್ದೇನೆ.

ಮುಂದೆ ಬಸ್ಸು ಬಂತು. ಸಮುದ್ರ ಒಂದು ದಿನದ ದಾರಿಯಾಯಿತು. ‘ಅಕ್ಕನನ್ನು ಕರಕೊಂಡು ಹೋಗಬೇಕು’ ಎಂದು ಪ್ರತಿ ವರ್ಷ ಅಂದುಕೊಂಡೆ. ಹೋಗಲಿಲ್ಲ. ಅವಳು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ನನ್ನ ಕಡೆ ತಿರುಗಿದರೆ ಏನು ಹೇಳಲಿ? ಆ ಹೆದರಿಕೆಯಲ್ಲೇ ಅವಳ ಆಯುಸ್ಸು ಮುಗಿಯಿತು. ಅವಳು ಸಮುದ್ರ ಕಾಣಲೇ ಇಲ್ಲ.

ಸೀಸೆ ನನ್ನ ಬಳಿ ಇದೆ. ಮೊನ್ನೆ ಶಿಂಷಾ ಸೇತುವೆಯ ಮೇಲೆ ಬಸ್ಸು ನಿಂತಾಗ ಕೆಳಗೆ ನೋಡಿದೆ. ಅಲ್ಲಿ ಬರೀ ಮರಳು ತೆಗೆದ ಗುಂಡಿ, ಮುಳ್ಳು. ನಂಬಲು ಅಕ್ಕ ಇಲ್ಲ. ಸುಳ್ಳು ತುಂಬಿಕೊಳ್ಳೋಣ ಎಂದರೆ ಹೊಳೆಯಲ್ಲಿ ಒಂದು ಸೀಸೆ ನೀರೂ ಇಲ್ಲ.