ಕೊನೆ ಪಂಕ್ತಿಯ ಫೋಟೋ

ಬೇಗಾರಿನ ಕುಸುಮಾ ಕ್ಯಾಮೆರಾ ಹಿಡಿದು ಮದುವೆಮನೆಗಳಿಗೆ ಹೋಗತೊಡಗಿದಾಗ ಜನ ಮೊದಲು ನೋಡಿದ್ದು ಕ್ಯಾಮೆರಾವನ್ನಲ್ಲ, ಅವಳನ್ನು. ಫೋಟೋದವರು ಎಂದರೆ ಎಲ್ಲರ ಮೇಲೂ ರೇಗುತ್ತ, ಮದುಮಗನಿಗೂ ಪುರೋಹಿತರಿಗೂ ನಡುವೆ ನುಗ್ಗುವ ಗಂಡಸರು ಎಂದೇ ಎಲ್ಲರ ಎಣಿಕೆ. ಕುಸುಮಾ ರೇಗುವವಳಲ್ಲ. ಕೊಪ್ಪದ ಸ್ಟುಡಿಯೋ ಒಂದರಲ್ಲಿ ಫೋಟೋ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ಕೆಲಸಕ್ಕೆ ಸೇರಿದವಳು, ನೋಡಿ ನೋಡಿಯೇ ಉಳಿದದ್ದನ್ನೂ ಕಲಿತಳು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ತಾನೂ ಒಂದನ್ನು ಕೊಂಡು ಸ್ವಂತಕ್ಕೆ ಇಳಿದಳು.

ಅವಳ ತಾಯಿ ಯಲ್ಲಕ್ಕ ತೋಟದ ಕೂಲಿಗೆ ಹೋಗುವವಳು. ಸುತ್ತಲಿನ ಯಾವ ಮನೆಯಲ್ಲಿ ಮದುವೆಯಾದರೂ ನೀರು ಹೊರಲು, ಪಾತ್ರೆ ತೊಳೆಯಲು ಅವಳು ಬೇಕೇ ಬೇಕು. ಅಷ್ಟೊಂದು ಮದುವೆ ಕಂಡ ಹೆಂಗಸಿನದು ಮನೆಯಲ್ಲಿ ಒಂದೇ ಒಂದು ಫೋಟೋ ಇರಲಿಲ್ಲ. ಓಟಿನ ಕಾರ್ಡಿನಲ್ಲಿ ಒಂದು ಮುಖವಿತ್ತು ನಿಜ, ಆದರೆ ಅದು ಯಲ್ಲಕ್ಕನದೋ ಪಕ್ಕದ ಮನೆಯ ಶೇಷಪ್ಪನದೋ ಎಂದು ಆಣೆ ಮಾಡಿ ಹೇಳುವವರು ಯಾರೂ ಇರಲಿಲ್ಲ. ಕ್ಯಾಮೆರಾ ತನ್ನ ಕಡೆ ತಿರುಗಿತೆಂದರೆ ಅವಳು ಸೆರಗು ಎಳೆದುಕೊಂಡು ಹಿತ್ತಿಲ ದಾರಿ ಹಿಡಿಯುತ್ತಿದ್ದಳು. ಮಗಳು ಕೇಳಿಕೊಂಡರೂ ಅಷ್ಟೆ.

"ಈಗಿಂದೀಗ್ಲೇ ಕೈಗೆ ಕೊಡ್ತೀಯಾ? ಕೊಡೋದಾದ್ರೆ ತೆಗಿ. ಆಮೇಲೆ ಕಳಿಸ್ತೀನಿ ಅನ್ನೋ ಫೋಟೋ ನಂಗೆ ಬ್ಯಾಡ."

ಆ ಹಟಕ್ಕೆ ಕಾರಣವಿತ್ತು. ಯಲ್ಲಕ್ಕ ಹುಡುಗಿಯಾಗಿದ್ದಾಗ ಒಂದು ಮದುವೆಮನೆಯಲ್ಲಿ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದಿದ್ದರು. ಅದರಲ್ಲಿ ಅವಳ ಅವ್ವನೂ ಇದ್ದಳು. "ನಿಮಗೂ ಒಂದು ಕಳಿಸ್ತೇವೆ" ಎಂದಿದ್ದರು. ಆ ಅಂಗಳ ಹಾದುಹೋಗುವಾಗಲೆಲ್ಲ ಅವ್ವ ನಿಂತು ಕೇಳುತ್ತಿದ್ದಳಂತೆ. ಕೇಳಿ ಕೇಳಿ ಒಂದು ಮಳೆಗಾಲದಲ್ಲಿ ತೀರಿಕೊಂಡಳು. ಆ ಮನೆಯವರು ಜಾಗ ಮಾರಿ ಹೋದರು, ಆಲ್ಬಮ್ಮೂ ಹೋಯಿತು. "ಕಣ್ಣು ಮುಚ್ಚಿದ್ರೆ ಅವ್ವನ ಸೀರೆ ಕಾಣ್ತದೆ, ಮುಖ ಬರಾದೇ ಇಲ್ಲ" ಎಂದು ಯಲ್ಲಕ್ಕ ಒಮ್ಮೆ ಹೇಳಿದ್ದು ಕುಸುಮಾಳ ಎದೆಯಲ್ಲಿ ನಾಟಿ ಕೂತಿತ್ತು.

ಹಾಗಾಗಿ, ಮದುವೆಮನೆಯಲ್ಲೇ ಫೋಟೋ ಅಚ್ಚು ಹಾಕಿ ಕೊಡುವ ಪ್ರಿಂಟರುಗಳು ಬಂದಿವೆ ಎಂದು ಕೇಳಿದ್ದೇ ತಡ, ಕುಸುಮಾ ಕೊಪ್ಪದಲ್ಲಿ ಕ್ಯಾಮೆರಾ ಸಾಮಾನು ಮಾರುವ ಗಜಾನನನ ಅಂಗಡಿಗೆ ಓಡಿದಳು. ೨೦೦೭ರ ಬೇಸಿಗೆ ಅದು. ಗಜಾನನ ಎರಡು ಯಂತ್ರ ತೋರಿಸಿದ. ಒಂದು ದೊಡ್ಡದು, ಶಾಯಿಯದು. ದೊಡ್ಡ ಫೋಟೋ, ಕಣ್ಣು ಕುಕ್ಕುವ ಬಣ್ಣ. ಇನ್ನೊಂದು ಬುತ್ತಿ ಡಬ್ಬಿಯಷ್ಟಿತ್ತು. ಅದರಲ್ಲಿ ಬರುವುದು ಪೋಸ್ಟ್ ಕಾರ್ಡ್ ಅಳತೆಯ ಫೋಟೋ ಮಾತ್ರ, ಅದೂ ನಿಧಾನ.

"ದೊಡ್ಡದೇ ತಗೊಳ್ಳಿ ಮಾರಾಯ್ರೆ. ಇದು ಮಕ್ಕಳಾಟದ ಸಾಮಾನು. ಒಂದು ಮದುವೆಗೆ ಒಯ್ದು ನೋಡಿ, ಆಗದಿದ್ರೆ ವಾಪಸ್ ತನ್ನಿ" ಎಂದ.

ದೊಡ್ಡದನ್ನು ಅಡ್ಡಗದ್ದೆಯ ಮದುವೆಗೆ ಒಯ್ದಳು. ಬೇಸಿಗೆಯ ಹಗಲಲ್ಲಿ ಊರಿಗೆ ಕರೆಂಟಿಲ್ಲ, ಜನರೇಟರ್ ಓಡುತ್ತಿರುವಷ್ಟು ಹೊತ್ತು ಪ್ರಿಂಟರ್ ರಾಜನ ಹಾಗೆ ಮೆರೆಯಿತು. ನೆಂಟರೆಲ್ಲ ಮುತ್ತಿಕೊಂಡರು. ಗಂಡಿನ ಕಡೆಯವರು ನರಸಿಂಹರಾಜಪುರ ಸೇರಬೇಕೆಂದು ಬೇಗ ಹೊರಟರು. ಅವರ ವ್ಯಾನು ತಿರುವು ದಾಟಿದ್ದೇ ಚಪ್ಪರದವರು ವೈರು ಸುತ್ತಿ ಜನರೇಟರ್ ನಿಲ್ಲಿಸಿದರು. ಕೆಲಸದವರ ಪಂಕ್ತಿ ಕೂರುವುದು ಆಮೇಲೆ. ಎಲ್ಲಾ ಕಡೆ ನಡೆದುಕೊಂಡು ಬಂದದ್ದೇ ಹಾಗೆ. ಕುಸುಮಾ ಹುಟ್ಟಿದಾಗಿನಿಂದ ಆ ಪಂಕ್ತಿಯಲ್ಲೇ ಉಂಡವಳು, ಆದರೂ ಅವಳಿಗೆ ಇದು ಹೊಳೆದಿರಲಿಲ್ಲ!

ಊಟವಾದ ಮೇಲೆ, ಕೆಲಸಕ್ಕೆ ಬಂದಿದ್ದ ಶೇಷಪ್ಪ ಮುಖ ತೊಳೆದು, ತಲೆ ಬಾಚಿ, ಅಂಗಿಯ ಗುಂಡಿ ಹಾಕಿಕೊಂಡು ಬಂದು ನಿಂತ. "ನಂದೂ ಒಂದು ಹೊಡಿ ಮಗಾ."

ಹೊಡೆದಳು. ಪ್ರಿಂಟರ್ ಮಾತ್ರ ಕಣ್ಣು ಬಿಡಲಿಲ್ಲ.

"ನಾಳೆ ತಂದ್ಕೊಡ್ತೀನಿ ಶೇಷಪ್ಪಣ್ಣ."

"ಆಗ್ಲಿ ಮಗಾ, ಅದ್ಕೆಂತ" ಎಂದು ಅವನು ನಕ್ಕ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೋಗುಣಿ ಉಜ್ಜುತ್ತಿದ್ದ ಯಲ್ಲಕ್ಕ ತಲೆಯೆತ್ತಿ ಮಗಳನ್ನೊಮ್ಮೆ ನೋಡಿ ಮತ್ತೆ ಉಜ್ಜತೊಡಗಿದಳು. ಕುಸುಮಾಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಮಾರನೆಯ ದಿನ ಫೋಟೋ ತಲುಪಿಸಿದಳು, ಆದರೂ ಆ ನಾಚಿಕೆ ಹೋಗಲಿಲ್ಲ.

ಗಜಾನನನ ಅಂಗಡಿಯಲ್ಲಿ ಈ ಸಲ ಅವಳು ಬಣ್ಣದ ಮಾತೇ ಎತ್ತಲಿಲ್ಲ. "ಚಿಕ್ಕದು ಕರೆಂಟ್ ಇಲ್ಲದೆ ನಡೀತದಾ?" ಎಂದಳು.

"ಬ್ಯಾಟರಿ ಹಾಕ್ಬಹುದು. ಆದ್ರೆ ನಿಧಾನ ಅಂದೆನಲ್ಲ..."

"ನಮ್ಮ ಜನಕ್ಕೆ ಕಾದು ಅಭ್ಯಾಸ ಇದೆ. ಒಂದು ಲೋಟ ನೀರು ಕೊಡಿ."

ಕುಡಿಯಲಿಕ್ಕೆಂದು ಅವನು ತಂದುಕೊಟ್ಟ ನೀರಿನಲ್ಲಿ ಬೆರಳದ್ದಿ, ಮಾದರಿಗೆಂದು ಇಟ್ಟ ಫೋಟೋದ ಮೇಲೆ ಉಜ್ಜಿದಳು. ಪಾತ್ರೆ ತೊಳೆದ ಕೈ ಪೂರ್ತಿ ಒಣಗಿರುವುದಿಲ್ಲವಲ್ಲ. ಬಣ್ಣ ಕದಡಲಿಲ್ಲ. "ಇದನ್ನೇ ಕಟ್ಟಿಕೊಡಿ" ಎಂದಳು.

ಮುಂದಿನ ಮದುವೆ ಬೇಗಾರಿನಲ್ಲೇ. ದಿಬ್ಬಣ ಹೋಯಿತು, ಜನರೇಟರ್ ನಿಂತಿತು, ಕೊನೆ ಪಂಕ್ತಿ ಎದ್ದಿತು. ಕುಸುಮಾ ಕೊಪ್ಪರಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಪ್ರಿಂಟರ್ ಇಟ್ಟಳು. ಮೊದಲು ಶೇಷಪ್ಪನದೇ. ಕಾಗದ ಹೊರಗೆ ಬಂತು, ಬರೀ ಹಳದಿ.

"ಅಯ್ಯಯ್ಯೋ, ಕಾಮಾಲೆ ಆಗ್ಯದಲ್ಲೇ!" ಎಂದವನೇ ಶೇಷಪ್ಪ ಅದನ್ನು ಹಿಡಿದು ಎಳೆದುಬಿಟ್ಟ. ಯಂತ್ರ ಕರಕರ ಎಂದು ನಿಂತಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಂದೊಂದೇ ಬಣ್ಣ ಹಚ್ಚಿಕೊಳ್ಳಲು ಕಾಗದ ಮತ್ತೆ ಮತ್ತೆ ಒಳಗೆ ಹೋಗಿ ಬರುತ್ತದೆ ಎಂದು ತಿಳಿಸಿ ಹೇಳಿ ಕುಸುಮಾ ಇನ್ನೊಂದು ಹಾಕಿದಳು. ಶೇಷಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಹಳದಿ, ಆಮೇಲೆ ಕೆಂಪು, ಆಮೇಲೆ ನೀಲಿ ಬಂದು ಅವನ ಮುಖವೇ ಮೂಡಿತು. ಅದನ್ನು ಹಿಡಿದುಕೊಂಡು ಅವನು ಅಂಗಳದಲ್ಲಿದ್ದವರಿಗೆಲ್ಲ ತೋರಿಸುತ್ತ ಹೋದ.

ಎಲ್ಲರದೂ ಮುಗಿಯುವವರೆಗೆ ಯಲ್ಲಕ್ಕ ಬಾವಿಕಟ್ಟೆಯಿಂದಲೇ ನೋಡುತ್ತಿದ್ದಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಯಾರೂ ಕರೆಯದೆ, ಕ್ಯಾಮೆರಾದ ಎದುರು ನೆಟ್ಟಗೆ ನಿಂತಳು. ಕುಸುಮಾ ಫೋಟೋ ಹೊಡೆದಳು.

ಯಂತ್ರದ ಮುಂದೆ ಯಲ್ಲಕ್ಕ ಕುಕ್ಕರುಗಾಲಿನಲ್ಲಿ ಕೂತು ಕಾದಳು. ಫೋಟೋ ಕೈಗೆ ಬಂದ ಮೇಲೆ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಬೆಳಕಿಗೆ ತಿರುಗಿಸಿದಳು. ಮಗಳಿಗೆ ಹೆದರಿಕೆಯಾಯಿತು.

"ಎಂತ ಅಮ್ಮ, ಚೆನ್ನಾಗಿ ಬರ್ಲಿಲ್ವಾ?"

"ಇದು ನಾನಲ್ಲ ಕಣೇ" ಎಂದಳು ಯಲ್ಲಕ್ಕ. ಒದ್ದೆ ಬೆರಳಿನಿಂದ ಹಣೆ, ಗಲ್ಲ ಮುಟ್ಟಿ ನೋಡಿದಳು. "ನಮ್ಮವ್ವ. ಹಿಂಗೇ ಇದ್ದಳು. ಈ ಹಣೆ, ಈ ಬಾಯಿ."

ಆಮೇಲೆ ಅದನ್ನು ಎದೆಗೊತ್ತಿಕೊಂಡು, ಅಳುತ್ತಲೇ ನಕ್ಕಳು.

"ಅಂತೂ ಕಳಿಸಿದ್ರಲ್ಲೇ ಮಾರಾಯ್ತಿ."