ಪುಟ್ಟಸ್ವಾಮಿಯಿಂದ ಮನೆ ಬಿಡಿಸಿಕೊಂಡದ್ದು

ಹೋದ ವಾರ ಹಾಸನದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಗೊರೂರು ದಾಟಿದ ಮೇಲೆ ಹಿಂದಿನ ಸೀಟಿನಿಂದ ಯಾರೋ ಹೆಗಲು ತಟ್ಟಿ, "ಕೋಳಿ ಹೆಂಗಿದೆ ಸಾರ್?" ಎಂದರು. ತಿರುಗಿ ನೋಡಿದರೆ ಬೋಳುತಲೆ, ದಪ್ಪ ಕನ್ನಡಕ, ಬಾಯಿ ತುಂಬ ಎಲೆಅಡಿಕೆ. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಹತ್ತಿದ ಮೇಲೆ ನಾನು ನಕ್ಕ ನಗುವಿಗೆ ಪಕ್ಕದ ಸೀಟಿನ ಹೆಂಗಸು ಮಗುವನ್ನು ಆಚೆ ತೊಡೆಗೆ ಬದಲಾಯಿಸಿಕೊಂಡಳು. ಅವರು ಕೋರ್ಟಿನ ಅಮೀನರು. ನ್ಯಾಯಾಧೀಶರ ಆಜ್ಞೆಯನ್ನು ಕೈಯಲ್ಲಿ ಹಿಡಿದು ಜನರ ಬಾಗಿಲಿಗೆ ಬರುತ್ತಿದ್ದವರು. ಈಗ ನಿವೃತ್ತರಾಗಿ ಹೊಳೆನರಸೀಪುರದಲ್ಲಿ ತೆಂಗಿನ ಸಸಿ ಮಾಡಿ ಮಾರುತ್ತಾರಂತೆ. ಅರಕಲಗೂಡು ಬರುವವರೆಗೂ ಇಬ್ಬರೂ ಅವರು ನನಗೆ ಮನೆ ಬಿಡಿಸಿಕೊಟ್ಟ ದಿನದ ಮಾತನ್ನೇ ಆಡಿದೆವು. ಅವರು ಇಳಿದು ಹೋದರೂ ಮಾತು ನನ್ನ ಬಾಯಲ್ಲೇ ಉಳಿದಿದೆ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನಾನು ಚನ್ನರಾಯಪಟ್ಟಣದ ಕಡೆಯವನು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಸರ್ವೀಸಿನ ಬಹುಪಾಲು ಹಾಸನ–ಅರಕಲಗೂಡು ದಾರಿಯಲ್ಲೇ ಸವೆಯಿತು. ಕುಡಿದು ಬಂದವರನ್ನು, ಟಿಕೆಟ್ಟು ತೆಗೆಯದವರನ್ನು, ಮೇಕೆಯನ್ನು ಸೀಟಿನ ಕೆಳಗೆ ಬಚ್ಚಿಟ್ಟವರನ್ನು ನಾನು ಇಳಿಸಿದ ಲೆಕ್ಕವಿಲ್ಲ. ಒಂದು ಸೀಟಿ ಊದಿದರೆ ಸಾಕು, ಐವತ್ತು ಜನರನ್ನು ಹೊತ್ತ ಬಸ್ಸು ನಿಲ್ಲುತ್ತಿತ್ತು. ಅಂಥ ನನಗೆ, ನಾನು ಕೊಂಡ ಮನೆಯಿಂದ ಒಬ್ಬ ಮನುಷ್ಯನನ್ನು ಇಳಿಸಲು ಏಳು ವರ್ಷ ಹಿಡಿಯಿತು.

ಮನೆ ಬೇಕೆಂದದ್ದು ನನ್ನ ಹೆಂಡತಿ ಶಾರದೆ. ಅವಳ ತಂದೆ ಗೊರೂರಿನ ನೀರಾವರಿ ಇಲಾಖೆಯಲ್ಲಿ ವಾಚ್‌ಮನ್. ಅವಳು ಹುಟ್ಟಿ ಬೆಳೆದದ್ದು ಅಣೆಕಟ್ಟೆಯ ಕ್ವಾರ್ಟರ್ಸಿನಲ್ಲಿ. ಮದುವೆಯಾದ ಮೇಲೆ ಹಾಸನದಲ್ಲಿ ಬಾಡಿಗೆ ಮನೆಗಳು. ಕ್ವಾರ್ಟರ್ಸಿನ ಗೋಡೆಗೆ ಮೊಳೆ ಹೊಡೆಯಲು ಇಲಾಖೆ ಬಿಡುತ್ತಿರಲಿಲ್ಲ, ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಬಿಡುತ್ತಿರಲಿಲ್ಲ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿ ಕಟ್ಟಿ ಅವಳಿಗೆ ಬೇಸರ ಬಂದಿತ್ತು. "ಸಾಯೋದ್ರೊಳಗೆ ಒಂದ್ ಗ್ವಾಡೆಗಾದ್ರೂ ನಾನು ಯಾರ್ನೂ ಕೇಳ್ದೆ ಮೊಳೆ ಹೊಡೀಬೇಕು ಕಣ್ರೀ" ಎನ್ನುತ್ತಿದ್ದಳು. ಇನ್ನೇನೂ ಬೇಡ, ಅಷ್ಟೇ.

ಅರಕಲಗೂಡಿನಲ್ಲಿ ಮನೆಯೊಂದು ಮಾರಾಟಕ್ಕಿದೆ ಎಂದು ತಿಳಿದಾಗ ಹೋಗಿ ನೋಡಿದೆವು. ಮುಂದೆ ಜಗುಲಿ, ಹಿಂದೆ ಬಾವಿ, ಬಾವಿಯ ಪಕ್ಕ ಒಂದು ನುಗ್ಗೆ ಮರ. ಮಾಲೀಕ ಪುಟ್ಟಸ್ವಾಮಿ ನನಗೆ ಹೊಸಬನಲ್ಲ. ಊರಾಚೆ ಸ್ವಲ್ಪ ಜಮೀನು, ಬಸ್ ಸ್ಟ್ಯಾಂಡಿನ ಬಳಿ ಸುಟ್ಟ ಪಂಪ್‌ಸೆಟ್ಟಿಗೆ ತಂತಿ ಸುತ್ತುವ ಅಂಗಡಿ. ಮೋಟಾರುಗಳನ್ನು ಬಸ್ಸಿಗೆ ಹಾಕಿಕೊಂಡು ಬರುವಾಗ ಲಗೇಜು ಟಿಕೆಟ್ಟಿಗಾಗಿ ನನ್ನ ಹತ್ತಿರ ಎಷ್ಟೋ ಸಲ ಜಗಳವಾಡಿದ್ದ. ಮಲ್ಲಿಪಟ್ಟಣದ ರಸ್ತೆಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇನೆ, ಅದಕ್ಕೇ ಹಳೆಯದನ್ನು ಕೊಡುತ್ತಿದ್ದೇನೆ ಎಂದ. ಹಣ ಪೂರ್ತಿ ಕೊಟ್ಟೆ, ನೋಂದಣಿಯಾಯಿತು. ಕಚೇರಿಯ ಮೆಟ್ಟಿಲು ಇಳಿಯುವಾಗ ಪುಟ್ಟಸ್ವಾಮಿ ನನ್ನ ಕೈ ಹಿಡಿದುಕೊಂಡು, "ಮೂರೇ ಮೂರು ತಿಂಗ್ಳು ಟೇಮ್ ಕೊಡಣ್ಣ. ಒಸ ಮನೆ ಗೃಹಪ್ರವೇಶ ಮಾಡ್ಕಂಡು ಓಯ್ತೀನಿ" ಎಂದ. ಕೊಟ್ಟೆ.

ಮೂರು ತಿಂಗಳ ಮೇಲೆ ಹೋದರೆ ಬಾಗಿಲ ಮರ ಬಂದಿರಲಿಲ್ಲ. ಆಮೇಲೆ ಹೋದರೆ ಆಷಾಢ. ಅದಾದ ಮೇಲೆ ಅವನ ಮಗಳು ಚೈತ್ರಳ ಪರೀಕ್ಷೆ. ಒಂದು ಸಲ ಹೊಸ ಮನೆಯನ್ನೇ ನೋಡಿಕೊಂಡು ಬಂದೆ: ಗಾರೆಯಾಗಿದೆ, ಅಡುಗೆಮನೆಗೆ ಟೈಲ್ಸ್ ಹಾಕಿದ್ದಾರೆ, ನಲ್ಲಿಯಲ್ಲಿ ನೀರೂ ಬರುತ್ತಿದೆ. ಇನ್ನೇನು ಬಾಕಿ ಎಂದು ಕೇಳಿದ್ದಕ್ಕೆ ಪುಟ್ಟಸ್ವಾಮಿಗೆ ಸಿಟ್ಟು ಬಂತು. "ಬೇಕಾರೆ ಕೋರ್ಟಿಗೆ ಓಗಣ್ಣ" ಎಂದು ಬಾಗಿಲು ಹಾಕಿಕೊಂಡ. ಕಂಡಕ್ಟರನ ಮುಖಕ್ಕೆ ಬಾಗಿಲು ಹಾಕಿದರೆ ಹೇಗಾಗುತ್ತದೆ ನೀವೇ ಹೇಳಿ. ಹೋದೆ ಕೋರ್ಟಿಗೆ.

ಕೋರ್ಟಿನ ಬೆಂಚು ಬಸ್ಸಿನ ಸೀಟಿನ ಹಾಗಲ್ಲ. ಯಾವ ಸ್ಟಾಪು ಎಲ್ಲಿ ಬರುತ್ತದೆಂದು ಗೊತ್ತಾಗುವುದಿಲ್ಲ. ಅಲ್ಲಿ ಕೂತು ಕೂತು ನಾನು ಪಕ್ಕದವರ ಕೇಸುಗಳನ್ನೆಲ್ಲ ಬಾಯಿಪಾಠ ಮಾಡಿದೆ. ಅದರ ನಡುವೆ ನನಗೆ ನಿವೃತ್ತಿಯೂ ಆಯಿತು. ಕೊನೆಗೊಂದು ದಿನ ಡಿಕ್ರಿ ಬಂತು: ಮನೆ ನನ್ನದು, ಪುಟ್ಟಸ್ವಾಮಿ ಬಿಟ್ಟುಕೊಡಬೇಕು. ನಾನು ಒಂದು ಕೆ.ಜಿ. ಮೈಸೂರುಪಾಕು ಕೊಂಡು ವಕೀಲರ ಆಫೀಸಿನಲ್ಲಿ ಹಂಚಿದೆ. ವಕೀಲರು ಎರಡು ತುಂಡು ತಿಂದು, ಕೈ ಒರೆಸಿಕೊಂಡು, "ಇನ್ನು ಅಮಲ್ಜಾರಿ ಅರ್ಜಿ ಹಾಕೋಣ" ಎಂದರು. ಅದೇನೆಂದು ಕೇಳಿದೆ. "ಮನೆ ನಿಮ್ಮದು ಅಂತ ಕೋರ್ಟು ಹೇಳಿದೆ. ಕೊಡಿಸಿ ಅಂತ ಈಗ ಕೇಳಬೇಕು. ಎರಡೂ ಬೇರೆ ಬೇರೆ." ಕಾಗದದಲ್ಲಿ ಬಂದ ಮನೆ ಕೈಗೆ ಬರಲು ಮತ್ತೊಂದು ಕೇಸು ಬೇಕೆಂಬುದು ಡಬ್ಬದಲ್ಲಿದ್ದ ಮೈಸೂರುಪಾಕು ಮುಗಿದ ಮೇಲೆ ನನಗೆ ತಿಳಿಯಿತು.

ಅಮೀನರು ಮೊದಲ ಸಲ ವಾರಂಟು ಹಿಡಿದು ಹೋದಾಗ ಮನೆಗೆ ಬೀಗ. ಬಾಗಿಲಿಗೆ ನೋಟಿಸು ಅಂಟಿಸಿ ಬಂದರು. ಹಾಗೆಂದು ವರದಿ ಕೊಟ್ಟ ಮೇಲೆ, ಬೀಗವಿದ್ದರೆ ಒಡೆಯಬಹುದು, ಪೊಲೀಸರನ್ನು ಕರೆದುಕೊಂಡು ಹೋಗಬಹುದು ಎಂದು ಹೊಸ ಆಜ್ಞೆಯಾಯಿತು. ದಿನ ಗೊತ್ತಾಯಿತು, ಅವರ ಮನೆಗೂ ತಿಳಿಸಿದರು.

ಆಗ ಹೆದರಿಕೆ ಶುರುವಾಯಿತು ನೋಡಿ. ಅಷ್ಟು ವರ್ಷ ಯಾವಾಗ ಬಿಡಿಸಿಕೊಂಡೇನೋ ಎಂದು ಹಲ್ಲು ಕಡಿಯುತ್ತಿದ್ದವನಿಗೆ, ಬೆಂಚಿನ ಮೇಲೆ ಕೇಳಿದ ಕಥೆಗಳೆಲ್ಲ ನೆನಪಾದವು. ಒಂದು ಕಡೆ ಹೆಂಗಸು ಮಣ್ಣು ತೂರಿ ಶಾಪ ಹಾಕಿದ್ದಳಂತೆ. ಇನ್ನೊಂದು ಕಡೆ ಸೀಮೆಎಣ್ಣೆ ಡಬ್ಬ ಹಿಡಿದು ನಿಂತಿದ್ದಳಂತೆ. ಪುಟ್ಟಸ್ವಾಮಿಯ ಹೆಂಡತಿ ಜಯಮ್ಮನನ್ನು ನಾನು ಬಾಗಿಲ ಸಂದಿಯಲ್ಲಿ ಕಂಡಿದ್ದೇ ಹೊರತು ಅವಳ ದನಿ ಕೇಳಿರಲಿಲ್ಲ. ಮಾತಾಡದವರ ಬಗ್ಗೆ ಭಯ ಹೆಚ್ಚು. ಶಾರದೆ ಬೇರೆ ಹಿಂದಿನ ದಿನ ಕಾಫಿ ಲೋಟ ತಂದಿಟ್ಟು ಹೇಳಿದಳು: "ಆ ಹೆಂಗ್ಸು ಅಳ್ತಾ ಹೊಸಲು ದಾಟಿದ್ರೆ ನಾನು ಆ ಮನೇಲಿ ಹಾಲುಕ್ಸಲ್ಲ. ಈಗ್ಲೇ ಹೇಳಿವ್ನಿ."

"ಮತ್ತೆ ಏಳು ವರ್ಷ ನಾನು ಕೋರ್ಟು ಸುತ್ತಿದ್ದು?"

"ಅದು ನಿಮ್ದು. ಇದು ನಂದು."

ಬೆಳಿಗ್ಗೆ ಹತ್ತು ಗಂಟೆಗೆ ನಾವು ಬೀದಿಗೆ ತಿರುಗಿದೆವು: ಅಮೀನರು, ಇಬ್ಬರು ಪೊಲೀಸರು, ಬೀಗ ಒಡೆಯುವವನು, ಶಾರದೆ, ಕೊನೆಯಲ್ಲಿ ನಾನು. ಮನೆಯ ಮುಂದೆ ಒಂದು ಟ್ರ್ಯಾಕ್ಟರು ನಿಂತಿತ್ತು. ಜಗಳಕ್ಕೆ ಜನ ತುಂಬಿಸಿಕೊಂಡು ಬಂದಿದ್ದಾನೆ ಎಂದುಕೊಂಡು ನಾನು ಪೊಲೀಸರ ಬೆನ್ನ ಹಿಂದೆ ಸರಿದೆ. ಆಗ ಬಾಗಿಲು ತೆರೆಯಿತು. ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಅಮೀನರು ವಾರಂಟು ಬಿಚ್ಚಿ ಓದಲು ಗಂಟಲು ಸರಿಮಾಡಿಕೊಂಡರು.

"ಅದ್ನೆಲ್ಲ ಆಮ್ಯಾಕೆ ಓದ್ಕಳಿ ಸಾ," ಎಂದಳು ಜಯಮ್ಮ. "ಈಗ ಬಂದ್ರಾ? ಟ್ಯಾಕ್ಟ್ರು ಎಂಟು ಗಂಟೆಯಿಂದ ಕಾಯ್ತಾ ಅದೆ!"

ಮನೆಯೊಳಗೆ ಎಲ್ಲ ಗಂಟು ಕಟ್ಟಿತ್ತು. ಪಾತ್ರೆಗಳು ಚೀಲದಲ್ಲಿ, ಬಟ್ಟೆ ಟ್ರಂಕಿನಲ್ಲಿ, ದೇವರ ಪಟಗಳು ಹೊಸ ಟವಲಿನಲ್ಲಿ. ಐದಾರು ವರ್ಷದಿಂದ ಆ ಟೈಲ್ಸ್ ಹಾಕಿದ ಅಡುಗೆಮನೆಯನ್ನು ವಾರಕ್ಕೊಮ್ಮೆ ಹೋಗಿ ಒರೆಸಿ ಒರೆಸಿ ಬರುತ್ತಿದ್ದಳಂತೆ ಅವಳು. "ಒಂದಿನ ಅಲ್ಲಿ ಸಾರು ಕಾಯ್ಸಿಲ್ಲ ಕಣಕ್ಕ," ಎಂದು ಶಾರದೆಯ ಕೈ ಹಿಡಿದುಕೊಂಡಳು. "ಈ ಮನುಷ್ಯ ಏಳಲ್ಲ. ನಾನು ಏಳೀ ಅಂದ್ರೆ ಏಳಲ್ಲ, ಮಗ್ಳು ಅಂದ್ರೂ ಏಳಲ್ಲ. ಕೋರ್ಟ್ನೋರಾದ್ರೂ ಬಂದು ಎಬ್ಬುಸ್ಲಿ ಅಂತ ದ್ಯಾವ್ರಿಗೆ ಅರಕೆ ಒತ್ತಿದ್ದೆ." ಇಷ್ಟು ವರ್ಷ ನನ್ನ ಪರವಾಗಿ ಹರಕೆ ಹೊತ್ತವಳು ಎದುರು ಪಾರ್ಟಿಯ ಅಡುಗೆಮನೆಯಲ್ಲೇ ಇದ್ದಳೆಂದು ನನ್ನ ವಕೀಲರಿಗೂ ಗೊತ್ತಿರಲಿಲ್ಲ.

ಪುಟ್ಟಸ್ವಾಮಿ ಮಾತ್ರ ನಡುಮನೆಯ ಮಂಚದ ಮೇಲೆ ಕೂತಿದ್ದ. ಯಾರನ್ನೂ ನೋಡುತ್ತಿರಲಿಲ್ಲ. ಪೊಲೀಸರು ಒಂದು ಹೆಜ್ಜೆ ಮುಂದಿಟ್ಟರು. ಅಮೀನರು ಕೈಯಲ್ಲೇ ತಡೆದರು. ಜಯಮ್ಮ ಬಂದು, "ಏಳಿ, ಮಂಚ ಟ್ಯಾಕ್ಟ್ರಿಗೆ ಆಕ್ಬೇಕು" ಎಂದಳು. ಅವನು ಎದ್ದ. ಎದ್ದವನು ಬಾಗಿಲ ಕಡೆ ಹೋಗದೆ ಹಿಂದಿನ ಕೋಣೆಗೆ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಇದ್ರೊಳಕ್ಕೆ ಯಾರೂ ಬರಂಗಿಲ್ಲ."

ಅಮೀನರು ಮೆಲ್ಲಗೆ ಕೇಳಿದರು: "ಒಳಗೇನಿದೆ ಪುಟ್ಟಸ್ವಾಮಿ?"

"ಕೋಳಿ ಕಾವ್ಗೆ ಕೂತದೆ ಸಾ. ಅನ್ನೊಂದು ಮೊಟ್ಟೆ. ಒಂಬತ್ತು ದಿನ ಆಗದೆ. ಈಗ ಎಬ್ಬುಸುದ್ರೆ ಅಷ್ಟೂ ಆಳಾಯ್ತವೆ. ನಾನು ಓಯ್ತೀನಿ ಸಾ. ಕೋಳಿ ಓಗಲ್ಲ."

ಕತ್ತಲೆಯ ಮೂಲೆಯಲ್ಲಿ, ಹುಲ್ಲು ಹಾಸಿದ ಮಂಕರಿಯಲ್ಲಿ ಕೆಂಪು ಕೋಳಿಯೊಂದು ರೆಕ್ಕೆ ಹರಡಿ ಕೂತು ನಮ್ಮನ್ನು ದುರುಗುಟ್ಟಿ ನೋಡುತ್ತಿತ್ತು. ಅಮೀನರು ಕನ್ನಡಕ ತೆಗೆದು ವಾರಂಟನ್ನು ಮತ್ತೆ ಓದಿದರು. ಮನೆಯಲ್ಲಿರುವವರನ್ನು ಹೊರಗೆ ಕಳಿಸಿ ಖಾಲಿ ಮನೆಯನ್ನು ಕೊಡಿಸತಕ್ಕದ್ದು ಎಂದಿತ್ತು. "ಕೋಳಿ ಹೆಸರು ವಾರಂಟಲ್ಲಿಲ್ಲ ಕಣಯ್ಯ. ಆದ್ರೆ ಕೋಳಿ ಇದ್ರೆ ಮನೆ ಖಾಲಿ ಅಂತ ನಾನು ಹೆಂಗೆ ಬರೀಲಿ?" ಎಂದು ತಮ್ಮನ್ನೇ ಕೇಳಿಕೊಂಡರು. ಪೊಲೀಸರಲ್ಲೊಬ್ಬ ಮುಖ ತಿರುಗಿಸಿ ಕೆಮ್ಮಿದ.

ನಾನು ಏನೋ ಹೇಳಲು ಬಾಯಿ ತೆರೆದೆ. ಏಳು ವರ್ಷದ ಮೇಲೆ ಇದೂ ಒಂದು ನೆಪವೇ ಎಂದು ಕೂಗಬೇಕೆನಿಸಿತ್ತು. ಅಷ್ಟರಲ್ಲಿ ಶಾರದೆ ಪುಟ್ಟಸ್ವಾಮಿಯ ತೋಳಿನ ಕೆಳಗೆ ಬಗ್ಗಿ ಒಳಗೆ ಹೋಗಿ ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. "ಇರ್ಲಿ ಬಿಡಣ್ಣ," ಎಂದಳು. "ಇನ್ನು ಹನ್ನೆರಡು ದಿನ ತಾನೆ? ನಾನು ನೋಡ್ಕೋತೀನಿ. ನೀನು ದಿನಾ ಬಂದು ನೋಡ್ಕಂಡು ಹೋಗು."

ಪುಟ್ಟಸ್ವಾಮಿ ಮೊದಲ ಸಲ ನಮ್ಮ ಮುಖ ನೋಡಿದ. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಕೋಳಿ ಒಂದು, ಮೊಟ್ಟೆ ಹನ್ನೊಂದು ಇವುಗಳನ್ನು ಮನೆ ಪಡೆದವರ ವಶಕ್ಕೆ ಜೋಪಾನವಾಗಿ ಒಪ್ಪಿಸಲಾಗಿದೆ ಎಂದು ಅಮೀನರು ಮಹಜರಿನಲ್ಲಿ ಬರೆದರು. ಎಲ್ಲರೂ ರುಜು ಹಾಕಿದೆವು. ಜಯಮ್ಮ ಟ್ರ್ಯಾಕ್ಟರಿನ ಮೇಲೆ ಮಂಚಕ್ಕೆ ಒರಗಿ ನಿಂತು, ಚುನಾವಣೆ ಗೆದ್ದವರ ಹಾಗೆ ಬೀದಿಗೆಲ್ಲ ಕೈ ಬೀಸುತ್ತ ಹೋದಳು. ಅಳುವವರು ಯಾರೂ ಇರಲಿಲ್ಲ, ನನ್ನೊಬ್ಬನನ್ನು ಬಿಟ್ಟು. ನನಗೆ ಏಕೋ ಕಣ್ಣು ತುಂಬಿ ಬಂದು ನುಗ್ಗೆ ಮರದ ಕಡೆ ಹೋಗಿ ನಿಂತೆ. ಒಳಗಿನಿಂದ ಟಕ್ ಟಕ್ ಎಂದು ಸದ್ದು ಕೇಳಿತು. ಶಾರದೆ ಮೊಳೆ ಹೊಡೆಯುತ್ತಿದ್ದಳು.

ಹಾಲು ಮಾತ್ರ ಉಕ್ಕಿಸಲಿಲ್ಲ. ಬಾಣಂತಿ ಎದ್ದ ಮೇಲೆ ನೋಡೋಣ ಎಂದಳು.

ಪುಟ್ಟಸ್ವಾಮಿ ದಿನಾ ಬೆಳಿಗ್ಗೆ ಒಂದು ಹಿಡಿ ನುಚ್ಚು ತರುತ್ತಿದ್ದ. ಮೊದಲ ಮೂರು ದಿನ ಗೇಟಿನಲ್ಲೇ ನಿಂತು ಕೊಟ್ಟು, ಕೋಳಿಯ ಕ್ಷೇಮ ಕೇಳಿ ಹೋದ. ನಾಲ್ಕನೆಯ ದಿನ ಶಾರದೆ ಕಾಫಿ ಕೊಟ್ಟಳು; ಗೇಟಿನಲ್ಲಿ ನಿಂತು ಕಾಫಿ ಕುಡಿಯಲಾಗದೆ ಜಗುಲಿಗೆ ಬಂದು ಕೂತ. ಎಂಟನೆಯ ದಿನ ಬಾವಿಯ ಮೋಟಾರು ಗೊರಗುಟ್ಟುವುದನ್ನು ಕೇಳಿ, ಕೇಳದೆಯೇ ಬಿಚ್ಚಿ ರಿಪೇರಿ ಮಾಡಿದ. ಕೈ ತೊಳೆಯುತ್ತ ಅವನು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಮನೆ ನಿಮ್ದು ಅಂತ ನಂಗೊತ್ತಿತ್ತು ಕಣಣ್ಣ. ನಾಳೆ ಓಗಾನ, ನಾಳೆ ಓಗಾನ ಅಂತ ದಿನಾ ಅನ್ಕತಿದ್ದೆ. ಉಟ್ಟಿದ್ ಮನೆ. ಕಾಲೇ ಬತ್ತಿರ್ಲಿಲ್ಲ. ಆಮೇಲಾಮೇಲೆ ನಿಮ್ಮ ಮಕ ನೋಡಕ್ಕೆ ನಾಚ್ಕೆ ಆಯ್ತು. ನಾಚ್ಕೆ ಆದಂಗೂ ಸಿಟ್ಟು ಜಾಸ್ತಿ ಬತ್ತದೆ, ಅಲ್ವ್ರಾ?"

ಹೌದು, ಬರುತ್ತದೆ. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರು ನನ್ನ ಮೇಲೆ ಕೂಗಾಡಿದ್ದೆಲ್ಲ ಅದಕ್ಕೇ ಇರಬೇಕೆಂದು ಅಂದೇ ನನಗೆ ಹೊಳೆದದ್ದು.

ಹನ್ನೆರಡನೆಯ ದಿನ ಒಂಬತ್ತು ಮರಿ ಹೊರಗೆ ಬಂದವು. ಜಯಮ್ಮ ಮಂಕರಿ ಒಯ್ಯಲು ಬಂದಳು; ಬರುವಾಗ ತಮ್ಮ ಹಸುವಿನ ಹಾಲು ಒಂದು ತಂಬಿಗೆ ತಂದಿದ್ದಳು. ಆ ಹಾಲೇ ನಮ್ಮ ಒಲೆಯಲ್ಲಿ ಉಕ್ಕಿತು. ಅದು ಯಾವ ದಿಕ್ಕಿಗೆ ಉಕ್ಕಿತೆಂದು ಹೆಂಗಸರಿಬ್ಬರೂ ವಾದ ಮಾಡಿ, ಕೊನೆಗೆ ನಾಲ್ಕೂ ದಿಕ್ಕಿಗೆ ಎಂದು ತೀರ್ಮಾನಿಸಿದರು. ಅಮೀನರಿಗೆ ಒಂದು ಲೋಟ ಪಾಯಸವನ್ನು ನಾನೇ ತೆಗೆದುಕೊಂಡು ಹೋದೆ. ಅವರು ಕೋರ್ಟಿನ ಆವರಣದಲ್ಲಿ ಅದನ್ನು ಕುಡಿಯಲಾರೆ ಎಂದು ರಸ್ತೆಗೆ ಬಂದು ಕುಡಿದರು.

ಇದೆಲ್ಲ ನಡೆದು ಈಗ ಏಳೆಂಟು ವರ್ಷ. ಹೋದ ವಾರ ನಾನು ಹಾಸನಕ್ಕೆ ಹೋಗಿದ್ದು ಪಂಚೆ, ಶಲ್ಯ ಕೊಳ್ಳಲು; ಪುಟ್ಟಸ್ವಾಮಿಯ ಮಗಳು ಚೈತ್ರಳ ಮದುವೆಯಿತ್ತು. ಮದುವೆ ಮುಗಿದು ನಿನ್ನೆ ಅದನ್ನು ನೋಂದಾಯಿಸಲು ಕಚೇರಿಗೆ ಹೋದೆವು. ಸಾಕ್ಷಿಗೆ ನನ್ನನ್ನೇ ಬಾ ಎಂದಿದ್ದ ಪುಟ್ಟಸ್ವಾಮಿ. ಗುಮಾಸ್ತೆ ಹುಡುಗಿ ನಮ್ಮಿಬ್ಬರ ಆಧಾರ್ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಒಂದನ್ನು ನೋಡಿ, ಇನ್ನೊಂದನ್ನು ನೋಡಿ ತಲೆ ಎತ್ತಿದಳು.

"ಎರಡರಲ್ಲೂ ಒಂದೇ ಮನೆ ನಂಬರ್ ಇದೆಯಲ್ಲ ಸಾರ್? ನೀವಿಬ್ಬರೂ ಅಣ್ಣತಮ್ಮಂದಿರಾ?"

ನಾನು ಪುಟ್ಟಸ್ವಾಮಿಯ ಮುಖ ನೋಡಿದೆ. ಇಷ್ಟು ವರ್ಷವಾದರೂ ಮಹಾರಾಯ ವಿಳಾಸ ಬದಲಾಯಿಸಿಯೇ ಇಲ್ಲ! ಕೋರ್ಟು, ಪೊಲೀಸು, ಅಮೀನರು ಸೇರಿ ಎಬ್ಬಿಸಿದ ಮನುಷ್ಯ ಕಾರ್ಡಿನಲ್ಲಿ ಇನ್ನೂ ನಮ್ಮ ಮನೆಯಲ್ಲೇ ಕೂತಿದ್ದಾನೆ. ನಾವಿಬ್ಬರೂ ಏನಾಗಬೇಕೆಂದು ವಿವರಿಸಲು ನಾನು ಹೊರಟೆ. ಅಷ್ಟರಲ್ಲಿ ಪುಟ್ಟಸ್ವಾಮಿ ನನ್ನ ಹೆಗಲ ಮೇಲೆ ಕೈ ಹಾಕಿ, "ಊ ಕಣವ್ವ. ಇವ್ರು ದೊಡ್ಡೋರು. ಅಂಗೇ ಬರ್ಕೊ" ಎಂದ.

ಅವಳು ಬರೆದುಕೊಂಡಳು. ನಾನು ರುಜು ಹಾಕಿದೆ.